ಕಡತದ ಭಾಷೆಯಲ್ಲಿ ಗಿಟ್: ಒಂದು ಇಲಾಖೆಯಲ್ಲಿ ಮುಕ್ತ ತಂತ್ರಾಂಶ ತಂದ ಅನುಭವ

ನಾನು ಸರ್ಕಾರಿ ನೌಕರ ಅಲ್ಲ, ಹೊರಗುತ್ತಿಗೆ. ಬೆಂಗಳೂರಿನ ಒಂದು ಇಲಾಖೆಯ ಕಂಪ್ಯೂಟರ್ ಸೆಕ್ಷನ್ನಿನಲ್ಲಿ ಆರು ವರ್ಷ ಪ್ರೋಗ್ರಾಮರ್ ಆಗಿದ್ದೆ. ಯಾವ ಇಲಾಖೆ ಅಂತ ಬರೆಯುವುದಿಲ್ಲ, ಅಲ್ಲಿ ಇನ್ನೂ ಸ್ನೇಹಿತರಿದ್ದಾರೆ.

ಸೇರಿದ ಮೊದಲ ವಾರ ಕೇಳಿದ್ದು ಒಂದೇ ಪ್ರಶ್ನೆ. ಈ ಅರ್ಜಿ ವಿಲೇವಾರಿ ಸಾಫ್ಟ್‌ವೇರಿನ ಸೋರ್ಸ್ ಕೋಡ್ ಎಲ್ಲಿದೆ? ಪ್ರೋಗ್ರಾಮರ್ ಬರೆದ ಮೂಲ ಸಾಲುಗಳು ಅವು, ಅವಿಲ್ಲದೆ ಏನನ್ನೂ ತಿದ್ದಲು ಆಗುವುದಿಲ್ಲ. ಸೂಪರಿಂಟೆಂಡೆಂಟ್ ಮೇಡಂ ಎದ್ದು ಹೋಗಿ ಕಬ್ಬಿಣದ ಬೀರು ತೆಗೆದರು. ಎರಡು ಹಾಜರಿ ಪುಸ್ತಕದ ಮಧ್ಯದಿಂದ ಒಂದು ಸಿ.ಡಿ. ಹೊರಗೆ ಬಂತು. ಕವರಿನ ಮೇಲೆ ಕೆಂಪು ಶಾಯಿಯಲ್ಲಿ "ಸಾಫ್ಟ್‌ವೇರ್, ಜೋಪಾನ" ಅಂತ ಬರೆದಿತ್ತು. ಹಾಕಿ ನೋಡಿದರೆ ಒಳಗಿದ್ದದ್ದು ಇನ್‌ಸ್ಟಾಲ್ ಮಾಡುವ ಫೈಲು, ಬಳಕೆದಾರರ ಕೈಪಿಡಿ, ಮತ್ತು ಉದ್ಘಾಟನಾ ಸಮಾರಂಭದ ಮೂವತ್ತು ಫೋಟೋ. ಕೋಡ್ ಇರಲಿಲ್ಲ. ಇಲಾಖೆ ದುಡ್ಡು ಕೊಟ್ಟು ಮಾಡಿಸಿದ್ದು, ವರ್ಷ ವರ್ಷ ನಿರ್ವಹಣೆಗೂ ದುಡ್ಡು ಕೊಡುತ್ತಿದ್ದದ್ದು, ಆದರೆ ಕರಾರಿನಲ್ಲಿ ಕೋಡ್ ಯಾರದ್ದು ಅಂತ ಒಂದು ಸಾಲೂ ಇಲ್ಲ. ಯೋಜನೆಯ ಹೆಸರು ಬದಲಾದಾಗ ಅರ್ಜಿ ನಮೂನೆಯ ತಲೆಬರಹದಲ್ಲಿ ಎರಡು ಪದ ತಿದ್ದಬೇಕಾಗಿ ಬಂತು. ಕಂಪನಿಯವರು ಅಂದಾಜು ಪಟ್ಟಿ ಕೊಟ್ಟರು, ನಾವು ಮಂಜೂರಾತಿ ತಗೊಂಡೆವು, ತಿದ್ದಿದ್ದು ಮೂರು ವಾರ ಆದಮೇಲೆ.

ಅಲ್ಲಿಂದ ನನ್ನ ಹಟ ಶುರುವಾಯಿತು.

ಓದುತ್ತಾ ಹೋದಾಗ ಆಧಾರಗಳು ಸಿಕ್ಕವು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಇದೆ. ಬೇರೆ ಒಪ್ಪಂದ ಇಲ್ಲದಿದ್ದರೆ ಸರ್ಕಾರಿ ಕೃತಿಯ ಮೊದಲ ಹಕ್ಕುದಾರ ಸರ್ಕಾರವೇ. ಮುಕ್ತ ತಂತ್ರಾಂಶ ಅಂದರೆ ಕೋಡನ್ನು ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದಾದ ಸಾಫ್ಟ್‌ವೇರ್. ಅದರ ಅಳವಡಿಕೆಗೆ ಕೇಂದ್ರ ಸರ್ಕಾರ 2015ರಲ್ಲಿ ಒಂದು ನೀತಿ ತಂದಿತ್ತು. ಅದರ ಪ್ರಕಾರ ಟೆಂಡರಿನಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಿ ಅಂತ ಕೇಳಲೇಬೇಕು, ಬೇಡ ಅನ್ನುವ ಕಂಪನಿ ಯಾಕೆ ಬೇಡ ಅಂತ ಕಾರಣ ಬರೆದುಕೊಡಬೇಕು. ಅದೇ ವರ್ಷ ಸರ್ಕಾರಿ ಅಪ್ಲಿಕೇಶನ್‌ಗಳ ಕೋಡ್ ತೆರೆದಿಟ್ಟು ಎಲ್ಲರೂ ಸೇರಿ ಬೆಳೆಸುವುದಕ್ಕೆ ಇನ್ನೊಂದು ನೀತಿ ಬಂತು. 2017ರಲ್ಲಿ ಅದಕ್ಕಾಗಿಯೇ ಓಪನ್‌ಫೋರ್ಜ್ ಅನ್ನುವ ತಾಣ ಮಾಡಿದರು. ನಮ್ಮ ಇಲಾಖೆಯಲ್ಲಿ ಇದ್ಯಾವುದನ್ನೂ ಯಾರೂ ಓದಿರಲಿಲ್ಲ. ನಾನೂ ಅಲ್ಲಿಯವರೆಗೆ ಓದಿರಲಿಲ್ಲ ಬಿಡಿ.

ಆದರೆ ನೀತಿಯ ಪ್ರಿಂಟ್ ಹಿಡಿದು ಸಾಹೇಬರ ಚೇಂಬರಿಗೆ ಹೋದರೆ ಕೆಲಸ ಆಗುವುದಿಲ್ಲ, ಕಡತ ಹುಟ್ಟಬೇಕು. ನನಗೆ ಟಿಪ್ಪಣಿ ಬರೆಯಲು ಬರುತ್ತಿರಲಿಲ್ಲ. ಪಕ್ಕದ ಟೇಬಲ್ಲಿನ ಎಫ್‌ಡಿಎ ನನ್ನ ಮೊದಲ ಕರಡು ಓದಿ ನಕ್ಕುಬಿಟ್ಟರು. "'ಹೊಸ ತಂತ್ರಾಂಶ' ಅಂತ ಬರೀಬೇಡಿ ಸಾರ್. ಹೊಸದು ಅಂದ್ರೆ ಆರ್ಥಿಕ ಇಲಾಖೆ ಸಹಮತಿ ಎಲ್ಲಿ ಅಂತಾರೆ. 'ಈಗಿರುವ ತಂತ್ರಾಂಶದ ಹಂತ ಹಂತದ ಸುಧಾರಣೆ' ಅಂತ ಬರೀರಿ." ಆ ಒಂದು ಸಾಲಿಗೆ ಅವರಿಗೆ ಇವತ್ತಿಗೂ ಋಣಿ. ಸುಳ್ಳೂ ಅಲ್ಲ ಅದು. ನಾವು ನಿಜಕ್ಕೂ ಒಂದೊಂದೇ ಭಾಗ ತೆಗೆದು ಜ್ಯಾಂಗೋ ಮತ್ತು ಪೋಸ್ಟ್‌ಗ್ರೆಸ್ ಅನ್ನುವ ಮುಕ್ತ ತಂತ್ರಾಂಶಗಳಲ್ಲಿ ಹೊಸದಾಗಿ ಬರೆದೆವು, ಮೊದಲು ಟಪಾಲು ಸ್ವೀಕೃತಿ, ಆಮೇಲೆ ಅರ್ಜಿ, ಕೊನೆಗೆ ವರದಿಗಳು.

ಇನ್ನು ಗಿಟ್, ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಸಾಧನ. ಜಂಟಿ ನಿರ್ದೇಶಕರಿಗೆ ಅದನ್ನು ವಿವರಿಸಲು ಎರಡು ಸಲ ಪ್ರಯತ್ನಪಟ್ಟು ಸೋತಿದ್ದೆ. ಬ್ರಾಂಚು, ಮರ್ಜು ಅಂತ ಚಿತ್ರ ಬರೆದು ತೋರಿಸಿದರೆ ಅವರು ಮೊಬೈಲ್ ನೋಡುತ್ತಿದ್ದರು. ಮೂರನೇ ಸಲ ಅವರ ಮೇಜಿನ ಮೇಲಿದ್ದ ಕಡತವನ್ನೇ ತೋರಿಸಿದೆ. ಟಿಪ್ಪಣಿ ಹಾಳೆಯಲ್ಲಿ ಪ್ರತಿ ಕಂಡಿಕೆಗೂ ನಂಬರ್ ಇರುತ್ತದೆ. ಬರೆದವರು ಕೆಳಗೆ ಸಹಿ, ದಿನಾಂಕ ಹಾಕುತ್ತಾರೆ. ಹಿಂದಿನ ಕಂಡಿಕೆ ತಪ್ಪಿದ್ದರೆ ಯಾರೂ ಅಳಿಸುವುದಿಲ್ಲ, ಮುಂದಿನ ಕಂಡಿಕೆಯಲ್ಲಿ "ಮೇಲಿನದನ್ನು ಮಾರ್ಪಡಿಸಿ" ಅಂತ ಬರೆಯುತ್ತಾರೆ. ಕೇಸ್ ವರ್ಕರ್ ಮಂಡಿಸುತ್ತಾರೆ, ಮೇಲಿನವರು ಅನುಮೋದಿಸುತ್ತಾರೆ, ಆಮೇಲೆ ಆದೇಶ. "ಸಾರ್, ಗಿಟ್ ಅಂದ್ರೆ ಕೋಡಿನ ಟಿಪ್ಪಣಿ ಹಾಳೆ" ಅಂದೆ.

"ಯಾವ ಸಾಲು ಯಾರು ಬರೆದ್ರು ಅಂತ ಗೊತ್ತಾಗುತ್ತಾ?"

"ಗೊತ್ತಾಗುತ್ತೆ ಸಾರ್. ದಿನಾಂಕ, ಟೈಮು ಸಮೇತ."

"ಹಾಗಾದ್ರೆ ಮಾಡಿ."

ಅವತ್ತಿನಿಂದ ನಮ್ಮಲ್ಲಿ ಒಂದು ಅಭ್ಯಾಸ ಬಂತು. ಪ್ರತಿ ಕಮಿಟ್‌ನ, ಅಂದರೆ ಗಿಟ್‌ನಲ್ಲಿ ದಾಖಲಾದ ಪ್ರತಿ ಬದಲಾವಣೆಯ, ಸಂದೇಶ ಕನ್ನಡದಲ್ಲಿ, ಜೊತೆಗೆ ಕಡತದ ಕಂಡಿಕೆ ಸಂಖ್ಯೆ. ಯಾವ ಬದಲಾವಣೆಗೆ ಯಾರು ಹೇಳಿದರು ಅನ್ನುವುದು ಕೋಡಿನಲ್ಲೂ ಇತ್ತು, ಕಡತದಲ್ಲೂ ಇತ್ತು. ಮುಕ್ತ ತಂತ್ರಾಂಶ ಅನ್ನುವುದು ಆಫೀಸಿಗೆ ಹೊಸ ಸಂಸ್ಕೃತಿ ಅಂತ ಭಾಷಣದಲ್ಲಿ ಹೇಳುತ್ತಾರಲ್ಲ, ನನಗೆ ಹಾಗನ್ನಿಸಲಿಲ್ಲ. ಹತ್ತು ಜನ ಸೇರಿ ಒಂದೇ ದಾಖಲೆ ಬರೆಯುವುದು ಆ ಟೇಬಲ್ಲುಗಳಿಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದೇ ಇದ್ದದ್ದು ಅದನ್ನು ಹೊರಗಿನವರಿಗೆ ತೋರಿಸುವುದು.

ಅದಕ್ಕೆ ದೊಡ್ಡ ವಿರೋಧವೇ ಬಂತು. "ಕೋಡ್ ಹೊರಗೆ ಹಾಕಿದ್ರೆ ಹ್ಯಾಕ್ ಮಾಡಲ್ವಾ?" 2020ರ ಮೇ ತಿಂಗಳಲ್ಲಿ ಆರೋಗ್ಯ ಸೇತುವಿನ ಆಂಡ್ರಾಯ್ಡ್ ಕೋಡನ್ನೇ ಸರ್ಕಾರ ತೆರೆದಿಟ್ಟು, ತಪ್ಪು ಹುಡುಕಿದವರಿಗೆ ಬಹುಮಾನ ಕೊಡ್ತೀವಿ ಅಂದಿತ್ತು. ಆ ಉದಾಹರಣೆ ತುಂಬಾ ಕೆಲಸಕ್ಕೆ ಬಂತು. ಬೀಗ ಮಾಡುವ ವಿಧಾನ ಎಲ್ಲರಿಗೂ ಗೊತ್ತಿರಬಹುದು, ಕೀಲಿಕೈ ನಮ್ಮ ಹತ್ತಿರ ಇದ್ದರೆ ಸಾಕು ಅಂತ ವಾದಿಸಿದೆ.

ಹೀಗೆ ವಾದಿಸಿದವನೇ ಕೀಲಿಕೈ ಬಾಗಿಲಲ್ಲೇ ಬಿಟ್ಟಿದ್ದೆ. ಕೋಡ್ ಹೊರಗೆ ಹಾಕುವ ನಾಲ್ಕು ದಿನ ಮುಂಚೆ ಸುಮ್ನೆ ಹಳೆ ಕಮಿಟ್‌ಗಳನ್ನು ಕೆದಕುತ್ತಿದ್ದೆ. ಡೇಟಾಬೇಸಿನ ಪಾಸ್‌ವರ್ಡು ಕಣ್ಣಿಗೆ ಬಿತ್ತು. ಮೊದಲ ತಿಂಗಳು ಅವಸರದಲ್ಲಿ ಸೇರಿಸಿ, ಆಮೇಲೆ ತೆಗೆದಿದ್ದೆ. ಆದರೆ ಗಿಟ್‌ನಲ್ಲಿ ತೆಗೆದದ್ದು ಹೋಗುವುದಿಲ್ಲ, ಹಳೆ ಕಂಡಿಕೆ ಹಾಗೇ ಇರುತ್ತದೆ, ನಾನೇ ಸಾಹೇಬರಿಗೆ ಹೆಮ್ಮೆಯಿಂದ ಹೇಳಿದ ಗುಣ ಅದು! ಇನ್ನೂ ಕೆದಕಿದರೆ ಪರೀಕ್ಷೆಗೆ ಅಂತ ಹಾಕಿದ್ದ ಒಂದು ಎಕ್ಸೆಲ್ ಫೈಲಿನಲ್ಲಿ ನಿಜವಾದ ಅರ್ಜಿದಾರರ ಹೆಸರು, ಫೋನ್ ನಂಬರ್. ಬೆವರು ಕಿತ್ತುಬಂತು. ಪಾಸ್‌ವರ್ಡುಗಳನ್ನೆಲ್ಲ ಬದಲಾಯಿಸಿ, ಹಳೆ ಇತಿಹಾಸ ಒಳಗೇ ಇಟ್ಟು, ಹೊರಗಿನದಕ್ಕೆ ಖಾಲಿ ರೆಪೊಸಿಟರಿಯಿಂದ, ಅಂದರೆ ಹೊಸ ಕೋಡ್ ಭಂಡಾರದಿಂದ, ಶುರು ಮಾಡಿದೆವು. ಇದನ್ನು ಓದುತ್ತಿರುವವರು ಇಂಥ ಕೆಲಸಕ್ಕೆ ಕೈ ಹಾಕುವವರಾದರೆ ಮೊದಲ ದಿನದಿಂದಲೇ ಪರೀಕ್ಷೆಗೆ ಕಟ್ಟುಹೆಸರುಗಳನ್ನೇ ಬಳಸಿ.

ಕೋಡನ್ನು ಯಾರು ಹೇಗೆ ಬಳಸಬಹುದು ಅಂತ ಹೇಳುವ ಲೈಸೆನ್ಸುಗಳಲ್ಲಿ ಎಜಿಪಿಎಲ್ ಆರಿಸಿದೆವು. ಇದು ಸರ್ವರಿನಲ್ಲಿ ಓಡುವ ಸಾಫ್ಟ್‌ವೇರು. ಬರೀ ಜಿಪಿಎಲ್ ಇದ್ದರೆ ಯಾರೋ ತಗೊಂಡು, ತಿದ್ದಿ, ತಮ್ಮ ಸರ್ವರಿನಲ್ಲಿ ಓಡಿಸಿಕೊಂಡು ತಿದ್ದಿದ್ದನ್ನು ಕೊಡದೇ ಇರಬಹುದು. ಎಜಿಪಿಎಲ್‌ನಲ್ಲಿ ಬಳಸುವವರು ಕೇಳಿದರೆ ಕೊಡಲೇಬೇಕು.

ಈಗ ಇಷ್ಟರಲ್ಲೆಲ್ಲ ನನಗೆ ಜಾಸ್ತಿ ಖುಷಿ ಕೊಟ್ಟ ಭಾಗ. ಹಳೆ ಸಾಫ್ಟ್‌ವೇರಿನಲ್ಲಿ ಹೆಸರುಗಳು ನುಡಿ ಅನ್ನುವ ಕನ್ನಡ ತಂತ್ರಾಂಶದ ಹಳೆಯ ಫಾಂಟಿನ ಸಂಕೇತದಲ್ಲಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. 2012ರಲ್ಲೇ ರಾಜ್ಯ ಸರ್ಕಾರ, ಎಲ್ಲ ಕಂಪ್ಯೂಟರಿನಲ್ಲೂ ಒಂದೇ ರೀತಿ ಓದಿಸಿಕೊಳ್ಳುವ ಯೂನಿಕೋಡ್ ಸಂಕೇತ ಬಳಸಿ ಅಂತ ಆದೇಶ ಮಾಡಿತ್ತು, ನುಡಿಯ ಮುಂದಿನ ಆವೃತ್ತಿಗಳಲ್ಲಿ ಯೂನಿಕೋಡ್ ಕೂಡ ಬಂತು, ಆದರೆ ಹಳೇ ಡೇಟಾ ತಾನಾಗಿ ಬದಲಾಗುವುದಿಲ್ಲವಲ್ಲ. ಪರಿವರ್ತಕ ಬರೆಯಲು ಕೂತೆ. ಕಾಟ ಕೊಟ್ಟಿದ್ದು ಅರ್ಕಾವೊತ್ತು. ನುಡಿಯಲ್ಲಿ ಅದು ಕಾಗದದ ಮೇಲೆ ಕಾಣುವ ಹಾಗೆ ಅಕ್ಷರದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ನಾವು ಉಚ್ಚರಿಸುವ ಹಾಗೆ ರ್ ಮೊದಲು ಬರುತ್ತದೆ. ಇದ್ದ ಹಾಗೇ ಒಂದೊಂದಾಗಿ ಬದಲಿಸಿದರೆ "ಮೂರ್ತಿ" ಅನ್ನುವುದು "ಮೂತಿರ್" ಆಗುತ್ತದೆ. ಮೊದಲ ಪಟ್ಟಿ ಪ್ರಿಂಟ್ ತೆಗೆದಾಗ ಕೃಷ್ಣಮೂರ್ತಿ, ನಾರಾಯಣಮೂರ್ತಿ, ಸತ್ಯಮೂರ್ತಿ ಎಲ್ಲರಿಗೂ ಮೂತಿ ಬಂದಿತ್ತು, ಸೆಕ್ಷನ್ನೇ ಬಿದ್ದು ಬಿದ್ದು ನಕ್ಕಿತು. ಅರ್ಕಾವೊತ್ತು ಕಂಡರೆ ಅದಕ್ಕಿಂತ ಹಿಂದಿನ ವ್ಯಂಜನದ ಮುಂದೆ ರ್ ಕೂರಿಸು ಅಂತ ಒಂದು ನಿಯಮ ಬರೆದೆ. ಮೂರ್ತಿಗಳು ಸರಿಯಾದರು. ಮುಗೀತು ಅಂದುಕೊಂಡೆ.

ಕೋಡ್ ತೆರೆದು ಎರಡು ತಿಂಗಳಿಗೆ ಹೊರಗಿನ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ ಬರೆದ. "ನಿಮ್ಮ ಪಟ್ಟಿಯಲ್ಲಿ ನಮ್ಮಜ್ಜನ ಹೆಸರು ಪಾಶ್ರ್ವನಾಥ ಅಂತಿದೆ." ನೋಡಿದರೆ ಹೌದು. ಪಾರ್ಶ್ವನಾಥದಲ್ಲಿ ಶಕಾರಕ್ಕೆ ವಕಾರದ ಒತ್ತು ಇದೆ. ನನ್ನ ನಿಯಮ ಹಿಂದಿನ ಒಂದೇ ವ್ಯಂಜನ ನೋಡಿ, ಒತ್ತಿನ ಮುಂದೆ ರ್ ತುರುಕುತ್ತಿತ್ತು. ಸಾಮರ್ಥ್ಯ ಹೋಗಿ "ಸಾಮಥ್ರ್ಯ" ಆಗುವುದನ್ನು ನೀವೂ ಎಷ್ಟೋ ಕಡೆ ನೋಡಿರುತ್ತೀರಿ, ಅದೇ ರೋಗ. ಹುಡುಗ ದೂರು ಹೇಳಿ ಸುಮ್ಮನಾಗಲಿಲ್ಲ, ತಿದ್ದಿಯೂ ಕಳಿಸಿದ. ಒತ್ತುಗಳು ಎಷ್ಟಿದ್ದರೂ ದಾಟಿ, ಗುಂಪಿನ ಮೊದಲ ವ್ಯಂಜನದವರೆಗೂ ಹಿಂದಕ್ಕೆ ಹೋಗುವ ಹನ್ನೊಂದು ಸಾಲು. ಜೊತೆಗೆ ದೈರ್ಘ್ಯ, ಈರ್ಷ್ಯೆ, ದಾರ್ಢ್ಯ ಅಂತ ಪರೀಕ್ಷೆಯ ಪದಗಳ ಪಟ್ಟಿ.

ಆ ಹನ್ನೊಂದು ಸಾಲು ಒಳಗೆ ಬರಲು ಹತ್ತೊಂಬತ್ತು ದಿನ ಹಿಡಿಯಿತು. ಹೊರಗಿನವನು ಬರೆದದ್ದನ್ನು ಸರ್ಕಾರಿ ತಂತ್ರಾಂಶಕ್ಕೆ ಸೇರಿಸಲು ಅಧಿಕಾರ ಯಾರಿಗಿದೆ? ಯಾರಿಗೂ ಗೊತ್ತಿಲ್ಲ. ಕೊನೆಗೆ ಬದಲಾವಣೆಯ ಪ್ರಿಂಟ್ ತೆಗೆದು, ಪತ್ರ ವ್ಯವಹಾರದ ಭಾಗದಲ್ಲಿ ಪುಟ ಸಂಖ್ಯೆ ಹಾಕಿ, ಕಡತ ಮಂಡಿಸಿದೆವು. ಪೈಥಾನ್ ಕೋಡಿನ ಪಕ್ಕ ಹಸಿರು ಶಾಯಿಯಲ್ಲಿ "ಅನುಮೋದಿಸಿದೆ" ಅಂತ ಬಂತು. ಆ ಹಾಳೆಯ ಫೋಟೋ ನನ್ನ ಹತ್ತಿರ ಇದೆ. ಆಮೇಲೆ ಒಂದು ಕಚೇರಿ ಆದೇಶ ಮಾಡಿಸಿಕೊಂಡೆವು. ಸಣ್ಣ ತಿದ್ದುಪಡಿಗಳನ್ನು ಸೆಕ್ಷನ್ನಿನ ಇಬ್ಬರು ನೋಡಿ ಒಪ್ಪಿದರೆ ಸಾಕು, ತಿಂಗಳಿಗೊಮ್ಮೆ ಎಲ್ಲದರ ಪಟ್ಟಿ ಕಡತಕ್ಕೆ. ಸರ್ವರಿಗೆ ಏರಿಸುವುದು ಮಾತ್ರ ಮೂರು ತಿಂಗಳಿಗೊಮ್ಮೆ, ಯಾಕೆಂದರೆ ಭದ್ರತಾ ಆಡಿಟ್ ಮಾಡಿದವರು ಸರ್ವರಿಗೆ ಏರಿಸಲು ಸುರಕ್ಷಿತ ಅನ್ನುವ ಸೇಫ್ ಟು ಹೋಸ್ಟ್ ಸರ್ಟಿಫಿಕೇಟು ಕೊಡುವುದು ಒಂದು ನಿರ್ದಿಷ್ಟ ಆವೃತ್ತಿಗೆ. ವಾರಕ್ಕೊಂದು ಬದಲಾವಣೆ ಅನ್ನುವ ಆಸೆ ಅಲ್ಲಿಗೆ ಬಿಟ್ಟೆ.

"ಉಚಿತ ಅಂದ್ಮೇಲೆ ದುಡ್ಡು ಯಾಕೆ ಬೇಕು?" ಲೆಕ್ಕಪತ್ರ ಶಾಖೆಯ ಈ ಪ್ರಶ್ನೆ ಕೊನೆವರೆಗೂ ಬಿಡಲಿಲ್ಲ. ಲೈಸೆನ್ಸಿಗೆ ದುಡ್ಡಿಲ್ಲ, ಬರೆಯುವವರಿಗೆ, ನೋಡಿಕೊಳ್ಳುವವರಿಗೆ ಬೇಕು ಅಂತ ಪ್ರತಿ ಬಜೆಟ್ಟಿಗೂ ಹೇಳಿದೆ. ನೀವು ಟಿಪ್ಪಣಿಯಲ್ಲಿ "ಉಚಿತ" ಅನ್ನುವ ಪದವನ್ನೇ ಬಳಸಬೇಡಿ, ಆಮೇಲೆ ಅನುಭವಿಸುತ್ತೀರಿ.

ಮುಂದೆ ಒಂದು ಭಾಗವನ್ನು ಹೊರಗಿನ ಕಂಪನಿಗೆ ಕೊಡಬೇಕಾದಾಗ ಟೆಂಡರಿಗೆ ಒಂದು ಷರತ್ತು ಸೇರಿಸಿದೆವು. ಕೋಡ್ ಪ್ರತಿ ವಾರ ನಮ್ಮ ರೆಪೊಸಿಟರಿಗೆ ಬರಬೇಕು. ಕೊನೆ ಕಂತಿನ ಬಿಲ್ ಪಾಸಾಗುವುದು ಇಲಾಖೆಯ ಒಬ್ಬರು ಖಾಲಿ ಕಂಪ್ಯೂಟರಿನಲ್ಲಿ, ಕಂಪನಿಯವರ ಸಹಾಯ ಇಲ್ಲದೆ, ಬರೆದುಕೊಟ್ಟ ಸೂಚನೆ ಮಾತ್ರ ನೋಡಿಕೊಂಡು ಅದನ್ನು ಓಡಿಸಿ ತೋರಿಸಿದ ಮೇಲೆ. ಪರೀಕ್ಷೆಗೆ ಕೂತವರು ಆಗಷ್ಟೇ ಕೆಲಸಕ್ಕೆ ಸೇರಿದ್ದ ಎಸ್‌ಡಿಎ. ಆ ಹುಡುಗಿ ಬಿ.ಎ. ಓದಿದವಳು, ಆಜ್ಞೆ ಟೈಪ್ ಮಾಡುವ ಕಪ್ಪು ಪರದೆ ಮುಟ್ಟಿದವಳಲ್ಲ. ಮೊದಲ ದಿನ ಏಳನೇ ಸಾಲಿಗೆ ನಿಂತಳು. ಕಂಪನಿಯ ಹುಡುಗ "ಅದು ಎಲ್ಲರಿಗೂ ಗೊತ್ತಿರುತ್ತೆ ಮೇಡಂ" ಅಂದ. "ನನಗೆ ಗೊತ್ತಿಲ್ಲ, ಬರೀರಿ" ಅಂದಳು. ನಾಲ್ಕನೇ ಸಲಕ್ಕೆ ಓಡಿತು. ಆ ಸೂಚನೆ ಈಗ ಹದಿನಾಲ್ಕು ಪುಟ ಇದೆ, ಕನ್ನಡದಲ್ಲಿದೆ. ನಾನು ಬಿಟ್ಟುಬಂದ ಮೇಲೂ ಆ ಸಾಫ್ಟ್‌ವೇರ್ ನಿಂತಿಲ್ಲ ಅಂದರೆ ಅದಕ್ಕೆ ಕಾರಣ ನನ್ನ ಕೋಡಿಗಿಂತ ಆ ಹದಿನಾಲ್ಕು ಪುಟ.

ಆಗದೇ ಇದ್ದದ್ದನ್ನೂ ಹೇಳಬೇಕು. ಎಸ್ಟೋನಿಯಾ ಮತ್ತು ಫಿನ್ಲೆಂಡ್ ಎರಡು ಬೇರೆ ದೇಶ. ಸರ್ಕಾರಿ ಡೇಟಾ ಹಂಚಿಕೊಳ್ಳುವ ಎಕ್ಸ್-ರೋಡ್ ಅನ್ನುವ ವ್ಯವಸ್ಥೆಯನ್ನು ಇಬ್ಬರೂ ಸೇರಿ ಬೆಳೆಸುತ್ತಾರೆ, ಅದಕ್ಕೆ 2017ರಲ್ಲಿ ಜಂಟಿ ಸಂಸ್ಥೆಯನ್ನೇ ಕಟ್ಟಿದರು. ನಮ್ಮದೇ ಕಟ್ಟಡದ ಮೇಲಿನ ಮಹಡಿಯ ಇಲಾಖೆ ಮಾತ್ರ, ನಮ್ಮ ಟಪಾಲು ಸಾಫ್ಟ್‌ವೇರ್ ಹಾಗೇ ತಗೊಳ್ಳಿ ಅಂತ ಮೂರು ಸಲ ಹೇಳಿದರೂ, ಬೇರೆ ಟೆಂಡರ್ ಕರೆದು ಹೆಚ್ಚುಕಡಿಮೆ ಅದನ್ನೇ ಮಾಡಿಸಿತು. ಕಾಫಿಗೆ ಸಿಕ್ಕಾಗ ಅವರ ಮ್ಯಾನೇಜರ್ ಹೇಳಿದ್ದು, "ನಿಮ್ಮದು ತಗೊಂಡ್ರೆ ನಮ್ಮ ಬಜೆಟ್ ಲ್ಯಾಪ್ಸ್ ಆಗುತ್ತಲ್ಲ ಸಾರ್." ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಎಲ್ಲರೂ ತಗೊಂಡು ಬಳಸಿದ್ದು ಆ ಯೂನಿಕೋಡ್ ಪರಿವರ್ತಕವನ್ನು. ಒಂದು ತಾಲ್ಲೂಕು ಕಚೇರಿಯವರು, ಒಂದು ಸಹಕಾರ ಸಂಘದವರು, ಹಳೆ ಪುಸ್ತಕಗಳನ್ನು ಯೂನಿಕೋಡಿಗೆ ತರುತ್ತಿರುವ ಗೆಳೆಯರ ಗುಂಪು. ನಾನು ಇಲಾಖೆ ಬಿಟ್ಟು ಎರಡು ವರ್ಷ ಆಯಿತು. ಆದರೂ ಹೋದ ತಿಂಗಳು ಒಂದು ತಿದ್ದುಪಡಿ ನೋಡಿಕೊಡಿ ಅಂತ ಆ ಎಸ್‌ಡಿಎ ಕಳಿಸಿದ್ದಾರೆ. ಒಪ್ಪಿಗೆ ಕೊಡಬೇಕಾದ ಇಬ್ಬರಲ್ಲಿ ಈಗ ಅವರೂ ಒಬ್ಬರು. "ಸಾರ್, ಯಾರೋ ಬೀದರಿನಿಂದ ಕಳಿಸಿದ್ದಾರೆ, ನನಗೆ ಸರಿ ಅನ್ನಿಸ್ತಿದೆ, ಪರೀಕ್ಷೆ ಪದಗಳು ಮಾತ್ರ ಸಾಲದು" ಅಂತ ಬರೆದಿದ್ದಾರೆ. ಈ ಭಾನುವಾರ ಕೂತು ನೋಡಬೇಕು.