ಬೆಳ್ಳಿ ರೂಪಾಯಿಯನ್ನು ಗ್ರೇಡಿಂಗ್‌ಗೆ ಕಳಿಸುವ ಮುನ್ನ ನೀವೇ ನೋಡುವುದು ಹೇಗೆ?

ಹಳೆಯ ಟ್ರಂಕಿನಲ್ಲಿ ಸಿಕ್ಕ ವಿಕ್ಟೋರಿಯಾ ರೂಪಾಯಿಯನ್ನು ಹುಣಸೆಹುಳಿ ಹಾಕಿ ತಿಕ್ಕಿ, ಫಳಫಳ ಹೊಳೆಯುವಂತೆ ಮಾಡಿ, ಆಮೇಲೆ ‘ಇದಕ್ಕೆ ಎಷ್ಟು ಗ್ರೇಡ್ ಬರಬಹುದು?’ ಎಂದು ಕೇಳುವವರು ನಾಣ್ಯ ಮೇಳಗಳಲ್ಲಿ ತಪ್ಪದೆ ಸಿಗುತ್ತಾರೆ. ಗ್ರೇಡಿಂಗ್ ಎಂದರೆ ನಾಣ್ಯದ ಸ್ಥಿತಿ ನೋಡಿ ಸಂಸ್ಥೆಯೊಂದು ಅಂಕಿ ಕೊಡುವುದು. ಹೀಗೆ ತಿಕ್ಕಿದ ನಾಣ್ಯಕ್ಕೆ ಅಂಕಿ ಬರುವುದಿಲ್ಲ, ‘ಕ್ಲೀನ್ಡ್’ (ಉಜ್ಜಿದ್ದು) ಎಂಬ ಷರಾ ಬರುತ್ತದೆ. ಇನ್ನು ಕೆಲವರು ನಾಣ್ಯವನ್ನು ಸರಿಯಾಗಿ ನೋಡದೆಯೇ ಕಳಿಸಿ, ಬಂದ ಅಂಕಿ ಕಂಡು ಸಂಸ್ಥೆಯನ್ನು ಬೈಯುತ್ತಾರೆ. ಆ ಬೈಗುಳದಲ್ಲಿ ನ್ಯಾಯವೂ ಇದೆ. ಪರಿಚಯದ ಸಂಗ್ರಾಹಕರೊಬ್ಬರ 1919ರ ಐದನೇ ಜಾರ್ಜ್ ರೂಪಾಯಿಗೆ ಮೊದಲ ಸಲ ಎಯು 58, ಅಂದರೆ ತುಸುವೇ ಸವೆದದ್ದು ಎಂಬ ಗ್ರೇಡ್ ಬಂತು. ಸಂಸ್ಥೆ ನಾಣ್ಯವನ್ನು ಮುಚ್ಚಿ ಕೊಟ್ಟ ಪ್ಲಾಸ್ಟಿಕ್ ಪೆಟ್ಟಿಗೆ ಒಡೆದು ಅದೇ ಸಂಸ್ಥೆಗೆ ಮತ್ತೆ ಕಳಿಸಿದರೆ ಎಂಎಸ್ 62, ಅಂದರೆ ಸವೆತವೇ ಇಲ್ಲದ್ದು. ಆಸೆ ಹತ್ತಿ ಮೂರನೇ ಸಲ ಕಳಿಸಿದಾಗ ‘ಹಿಂದೆ ಉಜ್ಜಲಾಗಿದೆ’ ಎಂದು ಅಂಕಿಯೇ ಇಲ್ಲದೆ ವಾಪಸಾಯಿತು. ನಡುವೆ ಅವರು ಆ ನಾಣ್ಯಕ್ಕೆ ಏನನ್ನೂ ಮಾಡಿರಲಿಲ್ಲ.

ಗ್ರೇಡ್ ಕೊಡುವವರು ಮನುಷ್ಯರು. ಇಬ್ಬರೋ ಮೂವರೋ ನಾಣ್ಯವನ್ನು ದೀಪದ ಕೆಳಗೆ ತಿರುಗಿಸಿ ನೋಡಿ, ಹೆಚ್ಚು ಹೊತ್ತು ತೆಗೆದುಕೊಳ್ಳದೆ ಅಂಕಿ ಬರೆಯುತ್ತಾರೆ. ಒಂದರಿಂದ 70ರವರೆಗಿನ ಈ ಅಂಕಿಗಳ ಏಣಿಯನ್ನು 1949ರಲ್ಲಿ ವಿಲಿಯಂ ಶೆಲ್ಡನ್ ರೂಪಿಸಿದ್ದು ಅಮೆರಿಕದ ಹಳೆಯ ತಾಮ್ರದ ಸೆಂಟುಗಳ ಬೆಲೆ ಲೆಕ್ಕ ಹಾಕಲಿಕ್ಕೆ. 1980ರ ದಶಕದಲ್ಲಿ ಅಮೆರಿಕದ ಗ್ರೇಡಿಂಗ್ ಸಂಸ್ಥೆಗಳಾದ ಪಿಸಿಜಿಎಸ್, ಎನ್‌ಜಿಸಿ ಸಂಸ್ಥೆಗಳು ನಾಣ್ಯವನ್ನು ಗಟ್ಟಿ ಪ್ಲಾಸ್ಟಿಕ್ ಸ್ಲ್ಯಾಬ್‌ನಲ್ಲಿ ಮುಚ್ಚಿ ಅಂಕಿ ಅಂಟಿಸುವ ಪದ್ಧತಿಯನ್ನು ಜಗತ್ತಿಗೆಲ್ಲ ಹರಡಿದವು. 2003ರಲ್ಲಿ ಅಮೆರಿಕದ ಕಾಯಿನ್ ವರ್ಲ್ಡ್ ಪತ್ರಿಕೆ ಅವೇ ನಾಣ್ಯಗಳನ್ನು ಬೇರೆ ಬೇರೆ ಸಂಸ್ಥೆಗಳಿಗೆ ಕಳಿಸಿ ನೋಡಿದಾಗ ತೀರ್ಪುಗಳು ಹೊಂದಲಿಲ್ಲ. 2007ರಲ್ಲಿ ಸಿಎಸಿ ಎಂಬ ಇನ್ನೊಂದು ಸಂಸ್ಥೆಯೇ ಹುಟ್ಟಿಕೊಂಡಿತು. ಬೇರೆಯವರು ಕೊಟ್ಟ ಗ್ರೇಡ್ ಒಪ್ಪಿಗೆಯಾದರೆ ಸ್ಲ್ಯಾಬ್ ಮೇಲೆ ಹಸಿರು ಸ್ಟಿಕ್ಕರ್ ಅಂಟಿಸುವುದು ಅದರ ಕೆಲಸ. ಪರೀಕ್ಷಕರನ್ನೇ ಪರೀಕ್ಷಿಸುವ ವ್ಯಾಪಾರ! ಆದ್ದರಿಂದ ನಾಣ್ಯ ಮನೆ ಬಿಡುವ ಮೊದಲು ನಿಮ್ಮದೇ ಒಂದು ಅಂದಾಜು ಕಾಗದದ ಮೇಲೆ ಇರಬೇಕು.

ಹಂತ 1: ತೊಳೆಯಬೇಡಿ

ಹುಣಸೆಹುಳಿ, ವಿಭೂತಿ, ಹಲ್ಲುಪುಡಿ, ಪಾತ್ರೆ ತಿಕ್ಕುವ ಪುಡಿ ಯಾವುದೂ ಬೇಡ. ನಮ್ಮ ಮನೆಗಳ ಬೆಳ್ಳಿ ರೂಪಾಯಿಗಳಲ್ಲಿ ಬಹಳಷ್ಟು ವರಮಹಾಲಕ್ಷ್ಮಿ ಹಬ್ಬದಲ್ಲಿ ಕಲಶದ ಮುಂದೆ ಕೂತು, ಕುಂಕುಮ ಹಚ್ಚಿಸಿಕೊಂಡು, ಮಾರನೇ ದಿನ ತಿಕ್ಕಿಸಿಕೊಂಡವು. ಆ ಹಾನಿಯನ್ನು ಈಗ ಸರಿಪಡಿಸಲಾಗದು, ಹೆಚ್ಚಿಸದಿದ್ದರೆ ಸಾಕು. ಅಂಗಡಿಯಲ್ಲಿ ಸಿಗುವ ‘ಸಿಲ್ವರ್ ಡಿಪ್’ ದ್ರಾವಣದ ಹತ್ತಿರವೂ ಹೋಗಬೇಡಿ. ಅದು ಕಪ್ಪಿನ ಜೊತೆಗೆ ಬೆಳ್ಳಿಯ ಮೇಲ್ಪದರವನ್ನೂ ತಿನ್ನುತ್ತದೆ. ಜಿಡ್ಡು ಅಂಟಿದ್ದರೆ ಶುದ್ಧ ಅಸಿಟೋನ್‌ನಲ್ಲಿ ಮುಳುಗಿಸಿ ತೆಗೆಯಬಹುದು, ಉಜ್ಜುವಂತಿಲ್ಲ. ಉಗುರು ಬಣ್ಣ ತೆಗೆಯುವ ದ್ರವ ಅಸಿಟೋನ್‌ಗೆ ಬದಲಿ ಅಲ್ಲ, ಅದರಲ್ಲಿ ಬಣ್ಣ, ಸುವಾಸನೆ, ಎಣ್ಣೆ ಎಲ್ಲ ಬೆರೆತಿರುತ್ತವೆ.

ಹಂತ 2: ತೂಗಿ

ಬ್ರಿಟಿಷ್ ಕಾಲದ ರೂಪಾಯಿಯ ತೂಕ ಒಂದು ತೊಲ, ಅಂದರೆ 11.66 ಗ್ರಾಂ. ಬೆಳ್ಳಿ ಶೇ 91.7. 1940ರಿಂದ ಅದು ಶೇ 50ಕ್ಕೆ ಇಳಿಯಿತು. ಸವೆದ ನಾಣ್ಯ ತುಸು ಹಗುರ ಇರಬಹುದು, ಭಾರ ಹೆಚ್ಚಿದ್ದರೆ ಅನುಮಾನಿಸಿ. ಅಯಸ್ಕಾಂತದ ಪರೀಕ್ಷೆಯನ್ನೇ ನಂಬಿ ಕೂರಬೇಡಿ, ತಾಮ್ರ ಮತ್ತು ಸೀಸದ ನಕಲಿಗಳೂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಚಿನ ಹಲ್ಲುಗೆರೆಗಳನ್ನು ಒಂದು ಸುತ್ತು ನೋಡಿ. ಕಿರೀಟದ ನೇರಕ್ಕೆ ಗೆರೆಗಳು ಮಾಯವಾಗಿ ಬೂದು ಕಲೆ ಇದ್ದರೆ, ಸರಕ್ಕೆ ಪೋಣಿಸಲು ಕೊಂಡಿ ಬೆಸುಗೆ ಹಾಕಿ ತೆಗೆದದ್ದು. ಅಲ್ಲಿಗೆ ಗ್ರೇಡಿಂಗ್ ಆಸೆ ಬಿಡಿ.

ಹಂತ 3: ದೀಪ ಮತ್ತು ಲೆನ್ಸ್

ಕೋಣೆಯ ದೀಪ ಆರಿಸಿ, ಒಂದೇ ಬಲ್ಬಿನ ಟೇಬಲ್ ಲ್ಯಾಂಪ್ ಹಚ್ಚಿ. ಟ್ಯೂಬ್‌ಲೈಟ್ ಮತ್ತು ಹರಡಿದ ಎಲ್‌ಇಡಿ ಬೆಳಕು ಎಲ್ಲ ದೋಷಗಳನ್ನೂ ಮುಚ್ಚಿಹಾಕುತ್ತದೆ. ಮಾರಾಟಗಾರರ ಫೋಟೋಗಳು ಅಷ್ಟು ಚೆಂದ ಇರುವುದಕ್ಕೆ ಅರ್ಧ ಕಾರಣ ಇದೇ. ಐದು ಪಟ್ಟು ಹಿಗ್ಗಿಸುವ ಲೆನ್ಸ್ ಸಾಕು. ‘60 ಎಕ್ಸ್’ ಎಂದು ಬರೆದು ಅಗ್ಗಕ್ಕೆ ಮಾರುವ ಲೂಪ್‌ಗಳ ಮೇಲಿನ ಅಂಕಿಯನ್ನು ನಾನಂತೂ ನಂಬುವುದಿಲ್ಲ.

ಹಂತ 4: ಸವೆತವೋ, ಅರೆಬರೆ ಅಚ್ಚೋ, ಉಜ್ಜಿದ್ದೋ?

ಜನ ಎಡವುವುದೂ ಇಲ್ಲೇ, ಗ್ರೇಡರ್‌ಗಳು ಒಬ್ಬರಿಗೊಬ್ಬರು ಒಪ್ಪದಿರುವುದೂ ಇಲ್ಲೇ. ಇಲ್ಲಿ ಅವಸರ ಬೇಡ.

ಮೊದಲು ಹೊಳಪು. ನಾಣ್ಯವನ್ನು ಅಂಚಿನಲ್ಲಿ ಹಿಡಿದು ದೀಪದ ಕೆಳಗೆ ನಿಧಾನವಾಗಿ ಓರೆ ಮಾಡಿ. ಟಂಕಸಾಲೆಯ ಮೂಲ ಹೊಳಪು ಉಳಿದಿದ್ದರೆ ಬೆಳಕಿನ ಪಟ್ಟಿಗಳು ನಡುವಿನಿಂದ ಹೊರಟು ಗಾಲಿಯ ಕಡ್ಡಿಗಳಂತೆ ಸುತ್ತುತ್ತವೆ. ಅಚ್ಚಿನ ಹೊಡೆತಕ್ಕೆ ಲೋಹ ನಡುವಿನಿಂದ ಹೊರಗೆ ಹರಿಯುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಮೂಡುತ್ತವೆ. ಬೆಳಕು ಸುತ್ತುವುದು ಆ ಗೆರೆಗಳಿಂದ. ಡಿಪ್ ಮಾಡಿದ ನಾಣ್ಯದಲ್ಲಿ ಆ ಗೆರೆಗಳು ಕರಗಿರುತ್ತವೆ. ಬಿಳುಪು ಇರುತ್ತದೆ, ಆದರೆ ಬೆಳಕು ಸುತ್ತುವುದಿಲ್ಲ, ಒಂದೇ ಕಡೆ ಸತ್ತು ಬಿದ್ದಿರುತ್ತದೆ. ‘ಬೆಳ್ಳಗಿದೆ, ಹಾಗಾಗಿ ಹೊಸದು’ ಎಂಬ ವಾದಕ್ಕೆ ಬೆಲೆ ಕೊಡಬೇಡಿ. ತುಸು ಕಪ್ಪಡರಿದ, ಒಳಗಿನಿಂದ ಹೊಳಪು ಇಣುಕುವ ನಾಣ್ಯ ಎಷ್ಟೋ ಮೇಲು.

ಆಮೇಲೆ ಉಬ್ಬು ಜಾಗಗಳು. ವಿಕ್ಟೋರಿಯಾ ರೂಪಾಯಿಯಲ್ಲಿ ಕೆನ್ನೆ, ಕಿವಿಯ ಮೇಲಿನ ಕೂದಲು, ಕಿರೀಟದ ಹರಳುಗಳು. ಏಳನೇ ಎಡ್ವರ್ಡ್‌ನಲ್ಲಿ ಕಿರೀಟವಿಲ್ಲದ ಬರಿದಲೆಯ ಕೂದಲು ಮತ್ತು ಕೆನ್ನೆಯ ಮೂಳೆ. ಐದನೇ ಜಾರ್ಜ್‌ನಲ್ಲಿ ಹುಬ್ಬು, ಮೀಸೆ, ಕಿವಿ, ಎದೆಯ ಮೇಲಿನ ಕಸೂತಿ. ಈ ಜಾಗಗಳು ಸುತ್ತಲಿನ ಭಾಗಕ್ಕಿಂತ ಮಂಕಾಗಿ ಬೂದು ತಿರುಗಿದ್ದರೆ ಅದು ಸವೆತ. ಹೊಳಪು ಅಲ್ಲಿಗೂ ಹರಿದಿದ್ದು, ವಿವರ ಮಾತ್ರ ಮಸುಕಾಗಿದ್ದರೆ ಅಚ್ಚು ಪೂರ್ತಿ ಒತ್ತಿಲ್ಲ ಎಂದರ್ಥ. ಖಚಿತಪಡಿಸಿಕೊಳ್ಳಲು ನಾಣ್ಯ ತಿರುವಿ, ಅದೇ ಜಾಗದ ಬೆನ್ನಿಗೆ ಹಿಮ್ಮುಖದಲ್ಲಿ ಏನಿದೆ ನೋಡಿ. ಅಲ್ಲಿಯೂ ವಿವರ ಮಸುಕಾಗಿದ್ದರೆ ತಪ್ಪು ಟಂಕಸಾಲೆಯದು. ಗ್ರೇಡರ್ ಅವಸರದಲ್ಲಿದ್ದರೆ ಇಂಥ ನಾಣ್ಯವನ್ನು ಸವೆತವೆಂದು ಎಯುಗೆ ತಳ್ಳುತ್ತಾನೆ. ಮರುಸಲ್ಲಿಕೆಗೆ ಅರ್ಹವಾದ ನಾಣ್ಯ ಯಾವುದಾದರೂ ಇದ್ದರೆ ಇದೊಂದೇ.

ಕೊನೆಗೆ ಬಯಲು, ಎಂದರೆ ಚಿತ್ರ ಮತ್ತು ಅಕ್ಷರಗಳಿಲ್ಲದ ಜಾಗ. ಅಲ್ಲಿ ಕೂದಲೆಳೆಯಂಥ ಗೆರೆಗಳು ಕಂಡ ಕೂಡಲೇ ಗಾಬರಿಯಾಗಬೇಡಿ. ಟಂಕಸಾಲೆಯಲ್ಲಿ ಅಚ್ಚನ್ನೇ ಉಜ್ಜಿ ನುಣುಪು ಮಾಡಿದಾಗ ಬೀಳುವ ಗೆರೆಗಳು ನಾಣ್ಯದ ಮೇಲೆ ಉಬ್ಬಿ ನಿಲ್ಲುತ್ತವೆ. ಅವು ಬಯಲಿನಲ್ಲಿ ಓಡಿ ಚಿತ್ರದ ಅಂಚಿಗೆ ಬಂದು ನಿಂತುಬಿಡುತ್ತವೆ, ರಾಣಿಯ ಮುಖದ ಮೇಲೆ ಹತ್ತುವುದಿಲ್ಲ. ಬಟ್ಟೆಯಿಂದ ಉಜ್ಜಿದ ಗೆರೆಗಳು ಲೋಹದೊಳಗೆ ಕೊರೆದಿರುತ್ತವೆ, ಬಯಲು ಮುಖ ಎನ್ನದೆ ಎಲ್ಲದರ ಮೇಲೂ ಹಾದುಹೋಗುತ್ತವೆ. ಅಕ್ಷರಗಳ ಬುಡದ ಸಂದುಗಳಲ್ಲಿ ಕೊಳೆ ಉಳಿದು ಉಳಿದೆಡೆ ಬೋಳಾಗಿದ್ದರೆ ಅದೂ ಉಜ್ಜಿದ ಗುರುತೇ. ಉಬ್ಬು ಜಾಗಗಳ ಮೇಲೆ ಮಾತ್ರ ಒಂದೇ ದಿಕ್ಕಿನ ಸಮಾನಾಂತರ ಗೀರುಗಳಿದ್ದರೆ ಆಲ್ಬಮ್ಮಿನ ಪ್ಲಾಸ್ಟಿಕ್ ಪಟ್ಟಿಯನ್ನು ಎಳೆದು ಸರಿಸಿದ್ದರ ಫಲ.

ಹಗುರವಾಗಿ, ಬಹಳ ಹಿಂದೆ ಉಜ್ಜಿ, ಅದರ ಮೇಲೆ ಮತ್ತೆ ಬಣ್ಣ ಕೂತ ನಾಣ್ಯಗಳದ್ದೇ ದೊಡ್ಡ ತಲೆನೋವು. ಅವನ್ನು ಒಬ್ಬ ಗ್ರೇಡರ್ ಕ್ಷಮಿಸಿ ಅಂಕಿ ಕೊಡುತ್ತಾನೆ, ಇನ್ನೊಬ್ಬ ತಿರಸ್ಕರಿಸುತ್ತಾನೆ. ಮೇಲೆ ಹೇಳಿದ 1919ರ ರೂಪಾಯಿ ಈ ಜಾತಿಯದು. ನಿಮ್ಮ ನಾಣ್ಯವೂ ಹೀಗಿದ್ದರೆ ಕಳಿಸುವುದು ಜೂಜು ಎಂದು ತಿಳಿದೇ ಕಳಿಸಿ.

ಹಂತ 5: ಅಂದಾಜು ಬರೆಯಿರಿ

ಒಂದು ಅಂಕಿ ಬೇಡ, ಒಂದು ವ್ಯಾಪ್ತಿ ಬರೆಯಿರಿ: ‘ಎಕ್ಸ್‌ಎಫ್ 45ರಿಂದ ಎಯು 53’, ‘ಎಂಎಸ್ 61ರಿಂದ 63’. (ಎಕ್ಸ್‌ಎಫ್ ಎಂದರೆ ಎಯುಗಿಂತ ತುಸು ಹೆಚ್ಚು ಸವೆದದ್ದು.) ಜೊತೆಗೆ ಕಾರಣ ಎರಡು ಸಾಲು, ಎರಡೂ ಬದಿಯ ಫೋಟೋ. ಮರುದಿನ ಹಳೆಯ ಚೀಟಿ ನೋಡದೆ ಮತ್ತೊಮ್ಮೆ ಅಂದಾಜಿಸಿ. ನಿಮ್ಮದೇ ಎರಡು ತೀರ್ಪು ಹೊಂದದಿದ್ದರೆ ಸಂಸ್ಥೆಯವರ ಕಷ್ಟ ಸ್ವಲ್ಪ ಅರ್ಥವಾಗುತ್ತದೆ. 60 ಎಂದರೆ ಸವೆತವಿಲ್ಲ, ಆದರೆ ಚೀಲದಲ್ಲಿ ಇತರ ನಾಣ್ಯಗಳಿಗೆ ತಾಗಿ ಮೈಯೆಲ್ಲ ಗಾಯ. 58 ಎಂದರೆ ಸವೆತದ ಸುಳಿವು ಮಾತ್ರ. ಇವೆರಡರಲ್ಲಿ ನನ್ನ ಹಣ ಯಾವಾಗಲೂ 58ಕ್ಕೆ.

ಹಂತ 6: ಕಳಿಸಬೇಕೇ?

ಬಹುತೇಕ ರೂಪಾಯಿಗಳಿಗೆ ಬೇಡ. ಶುಲ್ಕ, ಸಾಗಣೆ, ವಿಮೆ ಸೇರಿದರೆ ಸಾಮಾನ್ಯ ವರ್ಷದ ಸವೆದ ರೂಪಾಯಿಯ ಬೆಲೆಯನ್ನೇ ನುಂಗುತ್ತದೆ. ನಕಲಿಯ ಭಯವಿರುವ ನಾಣ್ಯಕ್ಕೆ ಕಳಿಸಿ. 1911ರ ಐದನೇ ಜಾರ್ಜ್ ರೂಪಾಯಿ ಅಂಥದ್ದು. ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಂಡು ಗಲಾಟೆಯಾಗಿ, 1912ರಿಂದ ಸೊಂಡಿಲು ಸರಿಪಡಿಸಿದ ಆನೆ ಬಂತು. ಬೇರೆ ಇಸವಿಯ ಕೊನೆಯ ಅಂಕಿ ತಿದ್ದಿ 1911 ಮಾಡುವವನು ಆನೆಯನ್ನು ತಿದ್ದಲಾರ, ಅದನ್ನೇ ಮೊದಲು ನೋಡಿ.

ಕಾನೂನೂ ಇದೆ. 1972ರ ಪುರಾವಸ್ತು ಮತ್ತು ಕಲಾ ನಿಧಿಗಳ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ, 1911ರ ರೂಪಾಯಿಯನ್ನೂ ಕಳಿಸುವುದಿದ್ದರೆ ದೇಶದೊಳಗಷ್ಟೇ. ವಿಕ್ಟೋರಿಯಾ, ಎಡ್ವರ್ಡ್ ರೂಪಾಯಿಗಳನ್ನು ಅಮೆರಿಕಕ್ಕೆ ಕೊರಿಯರ್ ಮಾಡಿಕೊಡುತ್ತೇನೆ ಎನ್ನುವ ಮಧ್ಯವರ್ತಿಯಿಂದ ದೂರವಿರಿ.

ಪ್ಯಾಕಿಂಗ್‌ಗೆ ಪಿವಿಸಿ ಕವರ್ ಬೇಡ, ಹಸಿರು ಅಂಟು ಬಿಡುತ್ತದೆ. ರಬ್ಬರ್ ಬ್ಯಾಂಡ್ ಬೇಡ, ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯ ಕವರ್ ತೆಗೆದುಕೊಳ್ಳಿ.

ಹಂತ 7: ವಾಪಸು ಬಂದ ಮೇಲೆ

ಲೇಬಲ್‌ನಲ್ಲಿ ಇಸವಿ, ಟಂಕಸಾಲೆ ಸರಿಯಿದೆಯೇ ನೋಡಿ. ಸ್ಲ್ಯಾಬ್‌ಗಳ ನಕಲಿಯೂ ಮಾರುಕಟ್ಟೆಯಲ್ಲಿದೆ. ಆದ್ದರಿಂದ ಬೇರೆಯವರಿಂದ ಕೊಳ್ಳುವಾಗ ಸ್ಲ್ಯಾಬ್ ಮೇಲಿನ ಸಂಖ್ಯೆಯನ್ನು ಸಂಸ್ಥೆಯ ಜಾಲತಾಣದಲ್ಲಿ ಹಾಕಿ, ಅಲ್ಲಿ ಫೋಟೋ ಇದ್ದರೆ ಅದನ್ನು ಕೈಯಲ್ಲಿರುವ ನಾಣ್ಯದೊಂದಿಗೆ ಗೀರು ಗೀರಾಗಿ ಹೋಲಿಸಿ.

ಬಂದ ಅಂಕಿ ನಿಮ್ಮ ವ್ಯಾಪ್ತಿಯೊಳಗಿದ್ದರೆ ತಕರಾರು ಬೇಡ. ಒಂದು ಅಂಕಿ ಆಚೀಚೆಯಾದರೂ ಬಿಡಿ. ಅರೆಬರೆ ಅಚ್ಚನ್ನು ಸವೆತವೆಂದಿದ್ದರೆ ಮಾತ್ರ ನಿಮ್ಮ ಟಿಪ್ಪಣಿ, ಫೋಟೋ ಲಗತ್ತಿಸಿ ಮರುಪರಿಶೀಲನೆಗೆ ಸ್ಲ್ಯಾಬ್ ಸಮೇತ ಕಳಿಸಿ. ಒಡೆದು ಕಳಿಸುವ ಚಟ ಹತ್ತಿಸಿಕೊಳ್ಳಬೇಡಿ. ಈಗಾಗಲೇ ಒಡೆದಿದ್ದರೆ ಹಳೆಯ ಲೇಬಲನ್ನು ಸಂಸ್ಥೆಗೆ ಹಿಂದಿರುಗಿಸಿ. ಇಲ್ಲವಾದರೆ ಯಾವ ನಾಣ್ಯ ಯಾವ ಗ್ರೇಡಿನಲ್ಲಿ ಎಷ್ಟಿವೆ ಎಂಬ ಅವರ ಗಣತಿಯಲ್ಲಿ ಒಂದೇ ನಾಣ್ಯ ಎರಡು ಮೂರಾಗಿ ಉಳಿಯುತ್ತದೆ. ಆ ಗಣತಿ ನೋಡಿಯೇ ಮುಂದಿನ ಗಿರಾಕಿ ನಿಮ್ಮ ರೂಪಾಯಿ ಎಷ್ಟು ಅಪರೂಪ ಎಂದು ಲೆಕ್ಕ ಹಾಕುತ್ತಾನೆ.