ಕೂಜೆಯಲ್ಲಿ ಲಾವಂಚ, ಫ್ಲಾಸ್ಕಿನಲ್ಲಿ ಪದಿಮುಗ

ನಮ್ಮ ಮನೆಗೆ ಯಾರೇ ಬಂದರೂ ಮೊದಲ ಮಾತು, "ಆಸರಿಂಗೆ ಎಂತ ಬೇಕು?" ಆಸರು ಅಂದರೆ ಬಾಯಾರಿಕೆ. ಓಲೆಬೆಲ್ಲ, ನೀರು ಕೊಟ್ಟ ಮೇಲೆಯೇ ಉಳಿದ ಮಾತು. ಆದರೆ ಕೊಡುವ ನಾನು ಕುಡಿಯುವುದನ್ನೇ ಮರೆತಿದ್ದೆ.

ಎರಡು ವರ್ಷದ ಹಿಂದೆ, ಮಾರ್ಚ್ ತಿಂಗಳು. ನಮ್ಮ ಕಾಸರಗೋಡಿನ ಬದಿಯಡ್ಕದ ಕಡೆ ಆಗ ಬಿಸಿಲು ಜೋರು, ಸೆಕೆ ಅದಕ್ಕಿಂತ ಜೋರು. ಅಂಗಳದ ತುಂಬ ಅಡಿಕೆ. ಬೆವರು ಸುರಿಯುತ್ತಿದ್ದರೂ ಇಡೀ ದಿನಕ್ಕೆ ಹೊಟ್ಟೆಗಿಳಿದದ್ದು ಎರಡು ಲೋಟ ಚಹಾ, ಊಟಕ್ಕೆ ಮಜ್ಜಿಗೆ, ಅಷ್ಟೆ. ಉರಿಮೂತ್ರ ಶುರುವಾಯಿತು, ಆಮೇಲೆ ಸೊಂಟದ ಬದಿಯಲ್ಲಿ ನೋವು. ಸ್ಕ್ಯಾನ್ ಮಾಡಿದರೆ ಕಿಡ್ನಿಯಲ್ಲಿ ಸಣ್ಣ ಕಲ್ಲು. "ಮೂತ್ರ ತಿಳಿಯಾಗುವಷ್ಟು ನೀರು ಕುಡಿಯಿರಿ" ಎಂದರು ಡಾಕ್ಟರು.

ಬರೀ ನೀರು ನನಗೆ ಸೇರುವುದಿಲ್ಲ. ಬೆಳಗ್ಗೆ ತುಂಬಿಸಿಟ್ಟ ಬಾಟಲಿ ಸಂಜೆಗೂ ತುಂಬಿಯೇ ಇರುತ್ತಿತ್ತು. ಆಗ ನೆನಪಾದದ್ದು ಕಾಸರಗೋಡಿನ ಹೋಟೆಲುಗಳಲ್ಲಿ ಊಟಕ್ಕೆ ಕೊಡುವ ಕೆಂಪು ಬಿಸಿನೀರು. ಮಲಯಾಳಿಗಳ ಪದಿಮುಗ, ಕನ್ನಡದಲ್ಲಿ ಸಪ್ಪಂಗ. ಮರದ ತಿರುಳಿನ ಚಕ್ಕೆ. ಪೇಟೆಯಿಂದ ಒಂದು ಪೊಟ್ಟಣ ತಂದೆ. ಮೊದಲ ದಿನ ಒಂದು ಮುಷ್ಟಿ ಹಾಕಿ ಅರ್ಧ ಗಂಟೆ ಕುದಿಸಿದೆ. ಕಡುಗೆಂಪು, ಬಾಯಿಗಿಟ್ಟರೆ ಒಗರು. ಈಗ 2 ಲೀಟರ್ ನೀರಿಗೆ ನಾಲ್ಕೇ ಚಕ್ಕೆ, ಐದು ನಿಮಿಷ ಕುದಿ, ಒಂದು ಚಿಟಿಕೆ ಜೀರಿಗೆ. ತಿಳಿ ಗುಲಾಬಿ ಬಣ್ಣ ಬಂದರೆ ಸಾಕು. ಒಮ್ಮೆ ಮಗಳು ಅದಕ್ಕೆ ನಿಂಬೆ ಹಿಂಡಿದಳು. ನೋಡನೋಡುತ್ತ ಗುಲಾಬಿ ಹೋಗಿ ಹಳದಿ! "ಅಮ್ಮಾ, ಹಾಳಾಯ್ತಾ?" ಹಾಳಾಗಿರಲಿಲ್ಲ. ಹುಳಿ ಬಿದ್ದರೆ ಆ ಬಣ್ಣ ಹಾಗೆಯೇ ತಿರುಗುತ್ತದೆ.

ಬೇಸಗೆಗೆ ನನಗೆ ಹೆಚ್ಚು ಇಷ್ಟ ಲಾವಂಚ. ತೋಟದ ಕಟ್ಟಪುಣಿಯಲ್ಲಿ, ಅಂದರೆ ಬದುವಿನಲ್ಲಿ, ಬೆಳೆದದ್ದನ್ನು ಅಗೆದರೆ ಬೇರಿನ ಸಂದುಸಂದಿಗೂ ಮಣ್ಣು. ನೀರು ತಿಳಿಯಾಗುವವರೆಗೆ ಉಜ್ಜಿ ತೊಳೆದು ಎರಡು ಬಿಸಿಲು ಒಣಗಿಸುತ್ತೇನೆ. ಒಂದು ಹಿಡಿಯಷ್ಟನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಕುದಿಸಿ ಆರಿಸಿದ ನೀರಿರುವ ಮಣ್ಣಿನ ಕೂಜೆಗೆ ರಾತ್ರಿ ಇಳಿಬಿಟ್ಟರೆ ಆಯಿತು. ಬೆಳಗ್ಗೆ ಮುಚ್ಚಳ ತೆಗೆದರೆ ಅಜ್ಜನ ಲಾವಂಚದ ಬೀಸಣಿಗೆಗೆ ನೀರು ಚಿಮುಕಿಸಿದ ಪರಿಮಳ. ಮೂರು ದಿನಕ್ಕೊಮ್ಮೆ ಗಂಟು ಬದಲಿಸಬೇಕು, ಇಲ್ಲವಾದರೆ ಲೋಳೆ ಬರುತ್ತದೆ.

ಒಂದು ತಪ್ಪನ್ನು ಸುಮಾರು ದಿನ ಮಾಡಿದೆ. ಪದಿಮುಗದ ನೀರು ಬೇಗ ತಣಿಯಲಿ ಅಂತ ಹಸಿ ನೀರು ಬೆರೆಸುತ್ತಿದ್ದೆ. ನಮ್ಮದು ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಸುರಂಗದ ನೀರು, ಕನ್ನಡಿಯ ಹಾಗೆ ಇರುತ್ತದೆ, ಏನಾಗುತ್ತದೆ ಎಂಬ ಧೈರ್ಯ. ಊರಲ್ಲಿ ಕಾಮಾಲೆ ಬಂದಾಗ ಆಶಾ ಕಾರ್ಯಕರ್ತೆ ಹೇಳಿದರು, "ಹಸಿ ನೀರು ಬೆರೆಸಿದರೆ ನೀವು ಕುದಿಸಿದ್ದೂ ಒಂದೇ, ಬಿಟ್ಟದ್ದೂ ಒಂದೇ ಅಕ್ಕಾ." ಈಗ ರಾತ್ರಿಯೇ ಕುದಿಸಿ ತಣಿಯಲು ಬಿಡುತ್ತೇನೆ.

ಬೇರು, ಸೊಪ್ಪು ಅಂದಮಾತ್ರಕ್ಕೆ ಎಲ್ಲವೂ ಎಲ್ಲರಿಗೂ ಆಗುವುದಿಲ್ಲ. ಅತ್ತೆಯ ಕೆಮ್ಮಿಗೆ ಜ್ಯೇಷ್ಠಮಧುವಿನ ಕಷಾಯ ಕೊಡುತ್ತಿದ್ದೆ. ಕೆಮ್ಮು ಹೋದ ಮೇಲೂ ಸಿಹಿಯಾಗಿದೆ ಅಂತ ಅವರು ದಿನಾ ಕುಡಿದರು. ಕಾಲು ಊದಿತು, ಬಿಪಿ ಏರಿತು. ಜ್ಯೇಷ್ಠಮಧು ಜಾಸ್ತಿಯಾದರೆ ಬಿಪಿ ಏರಿಸುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಡಾಕ್ಟರು ನಿಲ್ಲಿಸಿದರು. ಆ ನೋವು ನನ್ನಲ್ಲಿ ಇನ್ನೂ ಇದೆ. ಹೃದಯದ, ಕಿಡ್ನಿಯ ಕಾಯಿಲೆಗೆ ಡಾಕ್ಟರು ನೀರನ್ನೇ ಅಳತೆ ಮಾಡಿ ಕೊಟ್ಟಿದ್ದರೆ ಕಷಾಯವೂ ಆ ಅಳತೆಯೊಳಗೇ ಬರಬೇಕು.

ಆರು ತಿಂಗಳ ನಂತರದ ಸ್ಕ್ಯಾನಿನಲ್ಲಿ ಕಲ್ಲು ಕಾಣಲಿಲ್ಲ. ಪದಿಮುಗವೇ ಕರಗಿಸಿತು ಎನ್ನುತ್ತಾರೆ ನೆರೆಮನೆಯವರು. ನಾನು ಹಾಗೆ ಹೇಳುವುದಿಲ್ಲ. ಬಣ್ಣಕ್ಕೆ, ಪರಿಮಳಕ್ಕೆ ಸೋತು ದಿನಕ್ಕೆ ಎರಡೂವರೆ ಲೀಟರ್ ನೀರು ಕುಡಿದೆ, ಅಲ್ವಾ?

ಈಗ ಕೂಜೆ ಜಗಲಿಯಲ್ಲಿದೆ. ಅಡಿಕೆ ಸುಲಿಯಲು ಬರುವವರೂ ಅದರಿಂದಲೇ ಬಗ್ಗಿಸಿಕೊಂಡು ಕುಡಿಯುತ್ತಾರೆ. ಮಧ್ಯಾಹ್ನಕ್ಕೆ ಇನ್ನೊಮ್ಮೆ ತುಂಬಿಸಬೇಕಾಗುತ್ತದೆ.