ಎಡಕ್ಕೆ ಎಳೆಯುತ್ತಿದ್ದ ಕಾರು

2019ರಲ್ಲಿ ಬಂದ ಡರ್ಟ್ ರ‍್ಯಾಲಿ 2.0 ಎಂಬ ಕಾರು ಓಟದ ವಿಡಿಯೋ ಗೇಮ್ ಆಡಲು ಕೂತಾಗಿನಿಂದ ಒಂದೇ ಗೋಳು. ನ್ಯೂಜಿಲೆಂಡ್‌ನ ಜಲ್ಲಿ ರಸ್ತೆಯಲ್ಲಿ ನೇರ ಹೋಗಬೇಕಾದ ಕಾರು ಮೆಲ್ಲಗೆ ಎಡಕ್ಕೆ ವಾಲಿ ಬೇಲಿಗೆ ಗುದ್ದುತ್ತಿತ್ತು. ಮೊದಲ ಭಾಗ ಆಡಿ ಪಳಗಿದವನೆಂಬ ಜಂಭ ಬೇರೆ! ಈ ಆಟದಲ್ಲಿ ಮುಂದಿನ ಕಾರುಗಳು ಓಡಿದಷ್ಟೂ ರಸ್ತೆ ಕಿತ್ತುಹೋಗುತ್ತದಲ್ಲ, ಆ ಗಾಲಿಜಾಡುಗಳದ್ದೇ ಕಿತಾಪತಿ ಅಂದುಕೊಂಡೆ. ಸಸ್ಪೆನ್ಷನ್ ಬದಲಿಸಿದೆ, ಟೈರ್ ಬದಲಿಸಿದೆ, ಊಹೂಂ.

ಕೊನೆಗೆ ಕಾರು ನಿಲ್ಲಿಸಿ, ಕಂಟ್ರೋಲರ್ ಮುಟ್ಟದೆ ಕಾಕ್‌ಪಿಟ್ ನೋಟದಲ್ಲಿ ಸ್ಟೀರಿಂಗ್ ನೋಡಿದೆ. ಕೂದಲೆಳೆಯಷ್ಟು ಎಡಕ್ಕೆ ತಿರುಗಿಯೇ ಇತ್ತು. ಹಳೇ ಕಂಟ್ರೋಲರ್‌ನ ಸ್ಟಿಕ್ ಸವೆದು ನಡುವಿಗೆ ಮರಳುತ್ತಿರಲಿಲ್ಲ. ಡೆಡ್‌ಜೋನ್ (ಸ್ಟಿಕ್‌ನ ಸಣ್ಣ ಅಲುಗಾಟವನ್ನು ಆಟ ಲೆಕ್ಕಿಸದೆ ಬಿಡುವ ಮಿತಿ) ನಾನೇ ಸೊನ್ನೆಗೆ ಇಳಿಸಿದ್ದೆ! ಒಂದೊಂದೇ ಅಂಕ ಏರಿಸುತ್ತ ಬಂದೆ. 6ಕ್ಕೆ ಸ್ಟೀರಿಂಗ್ ನೆಟ್ಟಗಾಯಿತು. ಬೇಲಿಗೆ ಈಗಲೂ ಗುದ್ದುತ್ತೇನೆ, ಆದರೆ ಅದು ನನ್ನದೇ ತಪ್ಪಿಗೆ.